ನೀರಿಗಿಳಿದವರು ಏನು ಹೇಳುತ್ತಿದ್ದರು?

ಮೊದಲ ನಾಲ್ಕೈದು ಶತಮಾನಗಳ ಕ್ರೈಸ್ತರು ದೀಕ್ಷಾಸ್ನಾನವನ್ನು, ಅಂದರೆ ಒಬ್ಬರನ್ನು ನೀರಿನಿಂದ ತಮ್ಮ ಕೂಟಕ್ಕೆ ಸೇರಿಸಿಕೊಳ್ಳುವ ವಿಧಿಯನ್ನು, ಯಾವ ಮಾತುಗಳಲ್ಲಿ ಹೇಳುತ್ತಿದ್ದರು, ಅದನ್ನು ಕೊಡುವಾಗ ಯಾರು ಏನು ನುಡಿಯುತ್ತಿದ್ದರು ಎಂಬ ಬಗ್ಗೆ ಹಲವು ಪ್ರಶ್ನೆಗಳು ಬಂದಿವೆ. ಅವನ್ನೆಲ್ಲ ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ‘ಬ್ಯಾಪ್ಟಿಸಂ’ ಅಂದರೆ ಮುಳುಗಿಸುವುದು ಎನ್ನುತ್ತಾರೆ ಕೆಲವರು, ತೊಳೆಯುವುದು ಎನ್ನುತ್ತಾರೆ ಇನ್ನು ಕೆಲವರು. ಗ್ರೀಕ್‌ನಲ್ಲಿ ಅದರ ಅರ್ಥವೇನು? ನಮ್ಮ ‘ದೀಕ್ಷಾಸ್ನಾನ’ ಅದಕ್ಕೆ ಹೊಂದುತ್ತದೆಯೇ?
— ಕಾಲೇಜು ಅಧ್ಯಾಪಕಿ, ಧಾರವಾಡ

ಗ್ರೀಕ್‌ನಲ್ಲಿ ಎರಡು ಕ್ರಿಯಾಪದಗಳಿವೆ. ‘ಬಾಪ್ತೊ’ ಅಂದರೆ ಅದ್ದು. ಬೆರಳನ್ನು ನೀರಿಗೆ ಅದ್ದುವುದು, ರೊಟ್ಟಿಯ ತುಣುಕನ್ನು ಸಾರಿಗೆ ಅದ್ದುವುದು, ಬಟ್ಟೆಯನ್ನು ಬಣ್ಣಕ್ಕೆ ಅದ್ದುವುದು ಎಲ್ಲಕ್ಕೂ ಅದೇ ಪದ. ಬಣ್ಣಗಾರನನ್ನು ಕರೆಯುವ ಗ್ರೀಕ್ ಪದವೂ ಅದರಿಂದಲೇ ಹುಟ್ಟಿದ್ದು. ಅದೇ ಬೇರಿನ ‘ಬಪ್ತಿಝೊ’ಗೆ ಹೆಚ್ಚಿನ ಒತ್ತು: ಪೂರ್ತಿ ಮುಳುಗಿಸು, ಮುಳುಗಿಹೋಗುವಂತೆ ಮಾಡು. ಚರಿತ್ರೆಕಾರ ಪೊಲಿಬಿಯಸ್ ಯುದ್ಧದಲ್ಲಿ ಮುಳುಗಿದ ಹಡಗುಗಳ ಬಗ್ಗೆ ಈ ಪದ ಬಳಸುತ್ತಾನೆ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಇದು ಬರುವುದು ನಾಲ್ಕೇ ಕಡೆ. ಕುಷ್ಠರೋಗಿ ನಾಮಾನನು ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿದ್ದು ಅವುಗಳಲ್ಲಿ ಒಂದು.

ಹೊಸ ಒಡಂಬಡಿಕೆ ಈ ವಿಧಿಗೆ ‘ಬಾಪ್ತೊ’ವನ್ನು ಎಲ್ಲಿಯೂ ಬಳಸುವುದಿಲ್ಲ. ಹಾಗೆಂದು ‘ಬಪ್ತಿಝೊ’ ಬಂದಲ್ಲೆಲ್ಲ ಮೈಪೂರ್ತಿ ಮುಳುಗಬೇಕು ಎಂದೂ ಹೇಳಲಾಗದು. ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲಿ ಯೇಸು ಊಟಕ್ಕೆ ಮೊದಲು ತೊಳೆದುಕೊಳ್ಳಲಿಲ್ಲವೆಂದು ಫರಿಸಾಯನೊಬ್ಬ ಬೆರಗಾಗುತ್ತಾನಲ್ಲ, ಅಲ್ಲಿಯೂ ಇದೇ ಕ್ರಿಯಾಪದ. ಬೇರು ಮುಳುಗುವಿಕೆ, ಬಳಕೆಯಲ್ಲಿ ತೊಳೆಯುವಿಕೆಯೂ ಸೇರಿಕೊಂಡಿತು. ಒಂದನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯುವುದು ತಪ್ಪು.

ನಾಮಪದದ ಕತೆ ಇನ್ನೂ ಕುತೂಹಲದ್ದು. ಪಾತ್ರೆ ತೊಳೆಯುವುದು, ಶುದ್ಧಿಗೆ ಮೀಯುವುದು ಮುಂತಾದವಕ್ಕೆ ‘ಬಪ್ತಿಸ್ಮೊಸ್’ ಎಂಬ ಪದವಿತ್ತು. ಕ್ರೈಸ್ತರು ‘ಬಾಪ್ತಿಸ್ಮ’ ಎಂಬ ಬೇರೊಂದು ರೂಪವನ್ನು ಬಳಕೆಗೆ ತಂದರು. ಹೊಸ ಒಡಂಬಡಿಕೆಗಿಂತ ಹಿಂದಿನ ಬರಹಗಳಲ್ಲಿ ಅದು ಕಂಡುಬಂದಿಲ್ಲ. ಪಾತ್ರೆ ತೊಳೆಯುವ ಪದದಿಂದ ತಮ್ಮದನ್ನು ಬೇರೆ ಮಾಡಿಕೊಳ್ಳಬೇಕೆಂಬ ತುಡಿತ ಅದರ ಹಿಂದೆ ಇತ್ತು ಎಂದೇ ನಮ್ಮ ಎಣಿಕೆ.

ಇನ್ನು ಕನ್ನಡ. ಯೆಹೂದ್ಯರು ಶುದ್ಧಿಗಾಗಿ ತಾವೇ ನೀರಿನಲ್ಲಿ ಮುಳುಗುತ್ತಿದ್ದರು, ನಾಮಾನನೂ ತಾನೇ ಮುಳುಗಿದ. ಯೋಹಾನನಾದರೋ ಬೇರೆಯವರನ್ನು ಮುಳುಗಿಸುತ್ತಿದ್ದ. ‘ಮುಳುಗು’, ‘ಮುಳುಗಿಸು’ ಎಂದು ನಮ್ಮಲ್ಲಿ ಒಂದೇ ಅಕ್ಷರದಲ್ಲಿ ಕಾಣುವ ಈ ವ್ಯತ್ಯಾಸವೇ ಅವನಿಗೆ ಅಡ್ಡಹೆಸರು ತಂದುಕೊಟ್ಟಿದ್ದು. ಆದ್ದರಿಂದ ಕನ್ನಡ ಬೈಬಲಿನ ‘ಸ್ನಾನಿಕನಾದ ಯೋಹಾನ’ ನಮಗೆ ಪೂರ್ತಿ ಒಪ್ಪಿಗೆಯಾಗದು. ಕೇಳಿದವರಿಗೆ ಸ್ನಾನ ಮಾಡುವವನು ಎಂದೇ ಅನ್ನಿಸುತ್ತದೆ, ಮಾಡಿಸುವವನು ಎಂದಲ್ಲ. ‘ದೀಕ್ಷಾಸ್ನಾನ’ದಲ್ಲಿರುವ ‘ದೀಕ್ಷೆ’ಯೂ ಗ್ರೀಕ್ ಪದದಲ್ಲಿಲ್ಲ. ಲಿಂಗದೀಕ್ಷೆ, ಗುರುದೀಕ್ಷೆಗಳನ್ನು ಬಲ್ಲ ನಾಡಿನಲ್ಲಿ ಅನುವಾದಕರು ಅದನ್ನು ಸೇರಿಸಿದರು. ಅಕ್ಷರಾರ್ಥದಲ್ಲಿ ಅದು ಹೆಚ್ಚುವರಿ. ಆದರೆ ಮಿಂದವನು ಒಂದು ಕೂಟದವನಾಗುತ್ತಾನೆ ಎಂಬ ಭಾವ ಆ ಕಾಲದ ವಿಧಿಯಲ್ಲಿ ಇದ್ದೇ ಇತ್ತು. ಹಾಗಾಗಿ ಅದು ಒಳ್ಳೆಯ ಪದ.

ಬಣ್ಣದ ಮಾತನ್ನು ಬಿಟ್ಟು ಮುಂದೆ ಹೋಗಲಾಗದು. ಕ್ರಿ.ಶ. 200ರ ಸುಮಾರಿಗೆ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ದೀಕ್ಷಾಸ್ನಾನದ ಮೇಲೆಯೇ ಒಂದು ಪುಸ್ತಕವನ್ನು ಲ್ಯಾಟಿನ್‌ನಲ್ಲಿ ಬರೆದ. ಅವನು ಹೆಚ್ಚಾಗಿ ಬಳಸಿದ್ದು ‘ತಿಂಗೆರೆ’ ಎಂಬ ಕ್ರಿಯಾಪದವನ್ನು. ಅದಕ್ಕೂ ಅದ್ದು, ಬಣ್ಣ ಹಿಡಿಸು ಎಂಬ ಎರಡೂ ಅರ್ಥಗಳುಂಟು. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ಕಾಪ್ಟಿಕ್ ಹಸ್ತಪ್ರತಿಗಳಲ್ಲಿ ಫಿಲಿಪ್ಪನ ಸುವಾರ್ತೆ ಎಂಬುದೊಂದಿದೆ. ಅದರಲ್ಲಿ ದೇವರನ್ನೇ ಬಣ್ಣಗಾರ ಎಂದು ಕರೆದಿದೆ. ಒಳ್ಳೆಯ ಬಣ್ಣ ಬಟ್ಟೆಯೊಳಗೆ ಇಳಿದು ಅದರ ಜೊತೆಗೇ ಉಳಿಯುವಂತೆ ದೇವರ ಬಣ್ಣವೂ ಮನುಷ್ಯರಲ್ಲಿ ಇಳಿಯುತ್ತದೆ, ಅವನು ಅದ್ದುವುದು ನೀರಿನಲ್ಲಿ ಎಂದು ಅದು ಹೇಳುತ್ತದೆ. ಮುಂದೆ ಯೇಸು ಲೇವಿಯ ಬಣ್ಣದ ಮನೆಗೆ ಹೋಗಿ 72 ಬಣ್ಣಗಳನ್ನು ಒಂದೇ ಹಂಡೆಗೆ ಹಾಕುತ್ತಾನೆ, ಹೊರತೆಗೆದಾಗ ಎಲ್ಲವೂ ಬಿಳಿ. ಈ ಗ್ರಂಥವನ್ನು ಕ್ರೈಸ್ತ ಸಭೆ (ಚರ್ಚು) ಒಪ್ಪಿಕೊಂಡಿಲ್ಲ ನಿಜ. ಆದರೂ ‘ಬಾಪ್ತೊ’ ಎಂದಾಗ ಗ್ರೀಕರ ಕಣ್ಣಿಗೆ ಬಣ್ಣದ ಹಂಡೆ ಬರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಡ.

ಪ್ರಶ್ನೆ: ಆಗ ಎಷ್ಟು ನೀರು ಬೇಕಾಗುತ್ತಿತ್ತು? ‘ಜೀವಜಲ’ದಲ್ಲಿಯೇ ಕೊಡಬೇಕು ಎಂದು ಓದಿದ್ದೇನೆ. ಹಾಗೆಂದರೆ ಮಂತ್ರಿಸಿದ ನೀರೇ?
— ಓದುಗರು, ಸಾಗರ

ಮಂತ್ರಿಸಿದ ನೀರಲ್ಲ, ಹರಿಯುವ ನೀರು. ಇದು ಅನುವಾದದಲ್ಲಿ ಆಗುವ ಎಡವಟ್ಟು. ಹೀಬ್ರೂವಿನಲ್ಲಿ ಊಟೆಯ ನೀರು, ಹೊಳೆಯ ನೀರು ಇವಕ್ಕೆ ‘ಜೀವಂತ ನೀರು’ ಎಂಬ ನುಡಿಗಟ್ಟು. ಗ್ರೀಕರ ಕ್ರೈಸ್ತ ಬರಹಕ್ಕೆ ಅದು ಹಾಗೆಯೇ ಬಂತು. ‘ಜೀವಜಲ’ ಎಂದು ಸಂಸ್ಕೃತದಲ್ಲಿ ಎತ್ತರಿಸಿದ ಕೂಡಲೇ ಹೊಳೆ ಮಾಯವಾಗುತ್ತದೆ.

‘ದಿದಾಖೆ’ ಎಂಬ ಪುಟ್ಟ ಕೈಪಿಡಿಯಲ್ಲಿ ಈ ನಿಯಮವಿದೆ. ಅದು ತೀರ ಹಳೆಯ ಕ್ರೈಸ್ತ ಬರಹಗಳಲ್ಲೊಂದು. 1056ರಲ್ಲಿ ನಕಲಾದ ಒಂದು ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸಿಕ್ಕಿ, 1883ರಲ್ಲಿ ಅಚ್ಚಾಯಿತು. ಏಳನೆಯ ಅಧ್ಯಾಯದ ಕ್ರಮ ಹೀಗಿದೆ: ಮೊದಲು ಉಪದೇಶವನ್ನೆಲ್ಲ ಹೇಳಿ ಮುಗಿಸಿ. ಆಮೇಲೆ ಹರಿಯುವ ನೀರಿನಲ್ಲಿ ತಂದೆ, ಮಗ, ಪವಿತ್ರಾತ್ಮರ ಹೆಸರಿಗೆ ದೀಕ್ಷಾಸ್ನಾನ ಕೊಡಿ. ಹರಿಯುವ ನೀರಿಲ್ಲವೇ, ಬೇರೆ ನೀರಾದರೂ ಆದೀತು. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಇಲ್ಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ. ದೀಕ್ಷೆ ಪಡೆಯುವವನು ಒಂದೋ ಎರಡೋ ದಿನ ಮೊದಲೇ ಉಪವಾಸವಿರಲಿ. ಕೊಡುವವನೂ ಉಪವಾಸವಿರಬೇಕು, ಆಗುವುದಾದರೆ ಉಳಿದವರೂ ಇರಲಿ. ಹಳ್ಳಿಯಲ್ಲಿ ಹೊಳೆ ಬತ್ತಿದಾಗ, ಚಳಿಗಾಲದಲ್ಲಿ, ಕಾಯಿಲೆಯವರು ಬಂದಾಗ ಏನು ಮಾಡುವುದು ಎಂದು ಯೋಚಿಸಿದವರ ಬರಹ ಇದು.

ಅಳತೆ ಕೇಳಿದ್ದೀರಿ. ಈಗಿನ ಸಿರಿಯಾದ ದೂರಾ ಯೂರೋಪೋಸ್‌ನಲ್ಲಿ ಮನೆಯೊಂದನ್ನು ಪ್ರಾರ್ಥನೆಯ ಜಾಗವಾಗಿ ಮಾರ್ಪಡಿಸಿದ್ದರು. 256ರಲ್ಲಿ ಪರ್ಶಿಯಾದ ಸಸ್ಸಾನಿಯರ ಮುತ್ತಿಗೆಗೆ ಸಿಕ್ಕಿ ಊರೇ ಹಾಳಾಯಿತು. ಅಲ್ಲಿನ ದೀಕ್ಷಾಕೊಳ ಸುಮಾರು 1.6 ಮೀಟರ್ ಉದ್ದ, ಒಂದು ಮೀಟರಿಗೆ ತುಸು ಕಡಿಮೆ ಅಗಲ, ಆಳವೂ ಹೆಚ್ಚುಕಡಿಮೆ ಅಷ್ಟೇ. ಬೆಳೆದ ಮನುಷ್ಯ ಅದರಲ್ಲಿ ಮೈಚಾಚಿ ಮುಳುಗುವಂತಿಲ್ಲ. ನಿಂತೋ ಮಂಡಿಯೂರಿಯೋ ಇದ್ದಾಗ ತಲೆಯ ಮೇಲೆ ನೀರು ಹಾಕುವುದು ಅಥವಾ ತಲೆಯನ್ನು ಒತ್ತಿ ಮುಳುಗಿಸುವುದು ಅಷ್ಟು ಜಾಗದಲ್ಲಿ ಸಲೀಸು.

ಸುರಿದ ನೀರಿನ ಬಗ್ಗೆ ಜಗಳಗಳೂ ಆದವು. ರೋಮಿನ ನೊವಾತಿಯನ್ ಕಾಯಿಲೆ ಬಿದ್ದು ಹಾಸಿಗೆಯಲ್ಲಿಯೇ ನೀರು ಸುರಿಸಿಕೊಂಡವನು. ಬಿಷಪ್ ಕೊರ್ನೇಲಿಯಸ್ ಅದನ್ನೇ ಹಿಡಿದು ಅವನನ್ನು ಹೀಗಳೆದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮಾತ್ರ, ಇಂಥವರನ್ನು ‘ಹಾಸಿಗೆಯವರು’ ಎಂದು ಕರೆಯುವುದೇ ತಪ್ಪು, ಅವರು ಕ್ರೈಸ್ತರು ಎಂದು ನೇರವಾಗಿ ಬರೆದ.

ಪ್ರಶ್ನೆ: ‘ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎಂದು ಗುರುಗಳು ಹೇಳುವ ವಾಕ್ಯ ಮೊದಲಿನಿಂದಲೂ ಇತ್ತೇ?
— ಧರ್ಮೋಪದೇಶ ಕಲಿಸುವವರು, ಮಂಗಳೂರು

ಪಶ್ಚಿಮದ ಲ್ಯಾಟಿನ್ ಸಭೆಗಳ ಮಟ್ಟಿಗೆ ಹೇಳುವುದಾದರೆ, ಇರಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ವಿಷಯದ ಜೀವಾಳವೇ ಇದು. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇವೆ.

ಹಿಪ್ಪೊಲಿಟಸನದೆಂದು ಹೇಳಲಾಗುವ ‘ಅಪೊಸ್ತಲಿಕ ಪರಂಪರೆ’ ಎಂಬ ಗ್ರಂಥವಿದೆ. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೂಲ ಗ್ರೀಕ್ ಬಹುಪಾಲು ಕಳೆದುಹೋಗಿದ್ದು, ಲ್ಯಾಟಿನ್, ಕಾಪ್ಟಿಕ್, ಅರಬ್ಬಿ, ಇಥಿಯೋಪಿಕ್ ಅನುವಾದಗಳಲ್ಲಿ ಉಳಿದಿದೆ. ಅದರಲ್ಲಿನ ಕ್ರಮ ನೋಡಿ. ಮೂರು ವರ್ಷ ಉಪದೇಶ ಕೇಳಬೇಕು, ನಡತೆ ಚೆನ್ನಾಗಿದ್ದರೆ ಅವಧಿ ಕಡಿಮೆಯಾಗಬಹುದು. ಗುರುವಾರ ಮೈತೊಳೆದುಕೊಳ್ಳಬೇಕು. ಶುಕ್ರವಾರ ಉಪವಾಸ, ಶನಿವಾರ ರಾತ್ರಿ ಜಾಗರಣೆ. ಕೋಳಿ ಕೂಗುವ ಹೊತ್ತಿಗೆ ನೀರಿನ ಬಳಿ ಸೇರಬೇಕು. ಮೊದಲು ಮಕ್ಕಳು, ಆಮೇಲೆ ಗಂಡಸರು, ಕೊನೆಗೆ ಹೆಂಗಸರು. ಹೆಂಗಸರು ಜಡೆ ಬಿಚ್ಚಿ, ಒಡವೆ ತೆಗೆದಿಟ್ಟು ಬರಬೇಕು. ನೀರಿಗೆ ಪರಕೀಯವಾದ ಯಾವ ವಸ್ತುವನ್ನೂ ಒಯ್ಯುವಂತಿಲ್ಲ.

ಸೈತಾನನನ್ನು ತೊರೆಯುವ ಮಾತು ಹೇಳಿಸಿ, ಎಣ್ಣೆ ಹಚ್ಚಿ, ನೀರಿಗಿಳಿಸಿದ ಮೇಲೆ ಕೊಡುವವನು ಅವನ ತಲೆಯ ಮೇಲೆ ಕೈಯಿಟ್ಟು ಕೇಳುತ್ತಾನೆ: ‘ಸರ್ವಶಕ್ತ ತಂದೆಯಾದ ದೇವರಲ್ಲಿ ನಂಬಿಕೆಯಿದೆಯೇ?’ ಅವನು ‘ನಂಬುತ್ತೇನೆ’ ಎನ್ನುತ್ತಾನೆ. ಒಮ್ಮೆ ಮುಳುಗಿಸುವುದು. ಯೇಸು ಕ್ರಿಸ್ತನ ಬಗ್ಗೆ ಎರಡನೆಯ ಪ್ರಶ್ನೆ, ‘ನಂಬುತ್ತೇನೆ’, ಎರಡನೆಯ ಮುಳುಗು. ಪವಿತ್ರಾತ್ಮನ ಬಗ್ಗೆ ಮೂರನೆಯ ಪ್ರಶ್ನೆ, ‘ನಂಬುತ್ತೇನೆ’, ಮೂರನೆಯ ಮುಳುಗು. ನಡುವೆ ಬೇರೆ ಸೂತ್ರವಾಕ್ಯವಿಲ್ಲ. ಪ್ರಶ್ನೋತ್ತರವೇ ಸೂತ್ರ. ನಾಲ್ಕನೆಯ ಶತಮಾನದ ಕೊನೆಯಲ್ಲಿ ಮಿಲಾನಿನ ಬಿಷಪ್ ಅಂಬ್ರೋಸ್ ಹೊಸಬರಿಗೆ ಅವರ ದೀಕ್ಷೆಯನ್ನು ನೆನಪಿಸುವುದೂ ಹೀಗೆಯೇ: ನಿನ್ನನ್ನು ಕೇಳಿದರು, ‘ನಂಬುತ್ತೇನೆ’ ಎಂದೆ, ಮುಳುಗಿದೆ, ಅಂದರೆ ಹೂಳಲ್ಪಟ್ಟೆ.

ಇದಕ್ಕೂ ರೋಮನ್ ಕಾನೂನಿಗೂ ಇರುವ ಹೋಲಿಕೆ ಕಣ್ಣಿಗೆ ಹೊಡೆಯುವಂಥದು. ರೋಮಿನಲ್ಲಿ ಮಾತಿನ ಕರಾರು ಬರಹವಿಲ್ಲದೆಯೇ ಕಟ್ಟಾಗುತ್ತಿತ್ತು. ‘ಮಾತು ಕೊಡುತ್ತೀಯಾ?’ ‘ಕೊಡುತ್ತೇನೆ.’ ಎರಡನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಗಾಯಸ್ ಅದರ ನಿಯಮಗಳನ್ನು ಬರೆದಿಟ್ಟಿದ್ದಾನೆ. ಪ್ರಶ್ನೆಗೆ ಉತ್ತರ ಹೊಂದಬೇಕು. ಹೊಂದದಿದ್ದರೆ ಕರಾರು ಬಿದ್ದುಹೋಗುತ್ತದೆ. ಒಬ್ಬ ಕೇಳಬೇಕು, ಇನ್ನೊಬ್ಬ ಆಡಬೇಕು, ಆದ್ದರಿಂದ ಮೂಗರೂ ಕಿವುಡರೂ ಹೀಗೆ ಕರಾರು ಮಾಡಲಾಗದು. ಒಂದು ಕ್ರಿಯಾಪದ ರೋಮನ್ ಪೌರರಿಗೇ ಮೀಸಲು, ಉಳಿದವನ್ನು ಗ್ರೀಕ್‌ನಲ್ಲಿ ಆಡಿದರೂ ನಡೆಯುತ್ತದೆ, ಇಬ್ಬರಿಗೂ ಅರ್ಥವಾದರೆ ಸಾಕು. ಗ್ರೀಕ್ ಕರಾರುಪತ್ರಗಳ ಕೊನೆಯಲ್ಲಿ ‘ಕೇಳಲಾಗಿ ಒಪ್ಪಿದೆ’ ಎಂಬ ಸಾಲು ಬರುತ್ತದೆ. ನಮ್ಮ ಹಳೆಯ ಪತ್ರಗಳ ‘ಓದಿಸಿ ಕೇಳಿ ಒಪ್ಪಿ ರುಜು ಮಾಡಿದೆ’ ಎಂಬುದರ ಹಾಗೆ. ಪೇತ್ರನ ಮೊದಲ ಪತ್ರದ 3ನೇ ಅಧ್ಯಾಯ ದೀಕ್ಷಾಸ್ನಾನವನ್ನು ‘ಎಪೆರೋತೇಮ’ ಎಂದು ಕರೆಯುತ್ತದೆ. ಅಕ್ಷರಶಃ ಅದು ‘ಕೇಳಿಕೆ’. ಮುಂದೆ ಇದೇ ಪದ ಕರಾರಿನ ಪ್ರಶ್ನೆಗೂ ಬಳಕೆಯಾಯಿತು. ದೀಕ್ಷೆ ಪಡೆಯುವವರ ಪರವಾಗಿ ಹೊಣೆ ಹೊರುವವರನ್ನು ತೆರ್ತುಲಿಯನ್ ‘ಸ್ಪೊನ್ಸೋರ್’ ಎನ್ನುತ್ತಾನೆ. ಅದು ಸಾಲಕ್ಕೆ ಜಾಮೀನು ನಿಲ್ಲುವವನ ಹೆಸರು. ಈಗ ನಾವು ಕ್ರಿಕೆಟ್ ಪಂದ್ಯಕ್ಕೂ ಬಳಸುವ ‘ಸ್ಪಾನ್ಸರ್’ ಅಲ್ಲಿಂದಲೇ ಬಂದದ್ದು.

ಪೂರ್ವದಲ್ಲಿ ದಾರಿ ಬೇರೆ. ಅಂತಿಯೋಕ್ಯದಲ್ಲಿ 390ರ ಸುಮಾರಿಗೆ ಯೋಹಾನ ಕ್ರಿಸೊಸ್ತೊಮ್ ಬೋಧಿಸುವಾಗ, ಗುರು ‘ಇಂಥವನು ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆಯುತ್ತಾನೆ’ ಎಂದು ಹೇಳುತ್ತ ತಲೆಯನ್ನು ಮೂರು ಸಲ ಮುಳುಗಿಸುತ್ತಾನೆ ಎನ್ನುತ್ತಾನೆ. ‘ನಾನು ಕೊಡುತ್ತೇನೆ’ ಎನ್ನದಿರುವುದಕ್ಕೆ ಕಾರಣವನ್ನೂ ಕೊಡುತ್ತಾನೆ: ನಿಜವಾಗಿ ಕೊಡುವವನು ಗುರುವಲ್ಲ, ಅವನು ಕೈ ಅಷ್ಟೇ. ಗ್ರೀಕ್ ಆರ್ಥೊಡಾಕ್ಸ್ ಸಭೆಗಳಲ್ಲಿ ಇಂದಿಗೂ ಇದೇ ರೂಪ. ಈಜಿಪ್ಟಿನ ಕಾಪ್ಟಿಕ್ ಸಭೆ ಮಾತ್ರ ಪೂರ್ವದಲ್ಲಿದ್ದೂ ‘ನಾನು’ ಎಂಬುದನ್ನೇ ಹೇಳುತ್ತದೆ.

ಪಶ್ಚಿಮದಲ್ಲಿ ‘ನಾನು ನಿನಗೆ’ ಎಂಬ ವಾಕ್ಯ ಎಂಟನೆಯ ಶತಮಾನದ ಹೊತ್ತಿಗೆ ಬಳಕೆಯಲ್ಲಿ ಗಟ್ಟಿಯಾಗಿ ಕಾಣುತ್ತದೆ. ಆ ವೇಳೆಗೆ ನೀರಿಗೆ ಬರುವವರು ಬಹುಮಟ್ಟಿಗೆ ಹಸುಗೂಸುಗಳು. ಉತ್ತರ ಕೊಡುವ ಬಾಯಿ ಇಲ್ಲವಾದಾಗ ಪ್ರಶ್ನೆಗಳು ಹಿಂದಕ್ಕೆ ಸರಿದು, ಗುರುವಿನ ವಾಕ್ಯ ಮುಂದಕ್ಕೆ ಬಂತು. ಮಂಗಳೂರಿನ ಚರ್ಚುಗಳಲ್ಲಿ ಇಂದಿಗೂ ಮಗುವಿನ ತಂದೆತಾಯಿಯನ್ನು ‘ನಂಬುತ್ತೀರಾ?’ ಎಂದು ಮೂರು ಸಲ ಕೇಳುವುದನ್ನು ನೀವು ಕಂಡಿರುತ್ತೀರಿ. ಅದನ್ನು ಮುನ್ನುಡಿಯೆಂದು ಭಾವಿಸಬೇಡಿ, ಒಂದು ಕಾಲಕ್ಕೆ ಅದೇ ವಿಧಿಯ ನಡುಗಂಬ.

ಪ್ರಶ್ನೆ: ಹಾಗಾದರೆ ಮಾತು ಬಾರದ ಮಕ್ಕಳ ಪರವಾಗಿ ಯಾರು ಉತ್ತರಿಸುತ್ತಿದ್ದರು?
— ಗೃಹಿಣಿ, ಕೊಳ್ಳೇಗಾಲ

ತಂದೆತಾಯಿ ಅಥವಾ ಮನೆಯವರು. ಉತ್ತರ ಆಫ್ರಿಕಾದ ಬಿಷಪ್ ಅಗಸ್ಟೀನ್ ಒಂದು ಪತ್ರದಲ್ಲಿ ಕೊಡುವ ರೂಪದಲ್ಲಿ ಪ್ರಶ್ನೆ ‘ಇವನು ದೇವರನ್ನು ನಂಬುತ್ತಾನೆಯೇ?’ ಎಂದು, ಉತ್ತರ ‘ನಂಬುತ್ತಾನೆ’ ಎಂದು. ನಾಳೆ ಈ ಮಗು ಏನಾಗುವುದೋ ಗೊತ್ತಿಲ್ಲದೆ ಹೀಗೆ ಹೇಳುವುದು ಹೇಗೆ ಎಂದು ಒಬ್ಬ ಬಿಷಪ್ ಕೇಳಿದ್ದಕ್ಕೆ ಬರೆದ ಉತ್ತರ ಅದು. ತೆರ್ತುಲಿಯನ್ನನಿಗಂತೂ ಮಕ್ಕಳ ದೀಕ್ಷೆಯನ್ನು ತಡಮಾಡುವುದೇ ಲೇಸು ಎನಿಸಿತ್ತು. ಜಾಮೀನು ನಿಂತವರು ತೀರಿಕೊಂಡರೆ ಅವರ ಮಾತು ಉಳಿಸುವವರು ಯಾರು ಎಂಬುದು ಅವನ ಚಿಂತೆ.

ಪ್ರಶ್ನೆ: ಅಪೊಸ್ತಲರ ಕೃತ್ಯಗಳಲ್ಲಿ ‘ಯೇಸುವಿನ ಹೆಸರಿನಲ್ಲಿ’ ಎಂದಿದೆ, ಮತ್ತಾಯನಲ್ಲಿ ಮೂರು ಹೆಸರುಗಳಿವೆ. ಯಾವುದು ಸರಿ?
— ಓದುಗರು, ಗದಗ

ಎರಡನ್ನೂ ಬಾಯಿಯಲ್ಲಿ ಉಚ್ಚರಿಸಬೇಕಾದ ಸೂತ್ರಗಳೆಂದು ಓದಿದಾಗ ಈ ಇಕ್ಕಟ್ಟು ಬರುತ್ತದೆ. ಮತ್ತಾಯ 28:19ರಲ್ಲಿಯೂ ಕೃತ್ಯಗಳು 8:16, 19:5ರಲ್ಲಿಯೂ ಗ್ರೀಕ್ ‘ಹೆಸರಿನಲ್ಲಿ’ ಎನ್ನುವುದಿಲ್ಲ, ‘ಹೆಸರಿಗೆ’ ಎನ್ನುತ್ತದೆ. ಈಜಿಪ್ಟಿನಲ್ಲಿ ಸಿಕ್ಕ ವ್ಯವಹಾರದ ಪಪೈರಸ್‌ಗಳಲ್ಲಿ ಹಣವನ್ನು ಒಬ್ಬರ ಲೆಕ್ಕಕ್ಕೆ ಜಮಾ ಮಾಡುವಾಗ ಇದೇ ನುಡಿಗಟ್ಟು ಬರುತ್ತದೆ. ‘ಜಮೀನನ್ನು ಮಗನ ಹೆಸರಿಗೆ ಮಾಡಿದ’ ಎನ್ನುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೀಕ್ಷೆ ಪಡೆದವನು ಯಾರ ಹೆಸರಿಗೆ ಸೇರಿದ ಎಂಬುದು ಮಾತಿನ ತಿರುಳು. ದಿದಾಖೆ ಏಳನೆಯ ಅಧ್ಯಾಯದಲ್ಲಿ ಮೂರು ಹೆಸರು ಹೇಳಿ, ಒಂಬತ್ತನೆಯದರಲ್ಲಿ ಅದೇ ಜನರನ್ನು ‘ಕರ್ತನ ಹೆಸರಿಗೆ ದೀಕ್ಷಾಸ್ನಾನ ಪಡೆದವರು’ ಎನ್ನುತ್ತದೆ. ಬರೆದವನಿಗೆ ಅದರಲ್ಲಿ ವಿರೋಧ ಕಂಡಿರಲಿಲ್ಲ.

ಪ್ರಶ್ನೆ: ನಾಲ್ಕನೆಯ ಶತಮಾನದ ದೀಕ್ಷಾ ಉಪದೇಶಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ತೊರೆಯುವ ಮಾತು, ‘ಸೈತಾನನ ಆಡಂಬರ’, ‘ಮುದ್ರೆ’, ‘ಜ್ಞಾನೋದಯ’, ‘ಹೊಸಬ’ ಈ ಪದಗಳಲ್ಲಿ ಎಡವುತ್ತಿದ್ದೇನೆ. ದಾರಿ ತೋರಿಸಿ.
— ಅನುವಾದಕರು, ಮೈಸೂರು

ತೊರೆಯುವ ಮಾತಿನಿಂದ ಆರಂಭಿಸೋಣ. ಜೆರುಸಲೇಮಿನ ಸಿರಿಲನ ಹೆಸರಿನಲ್ಲಿರುವ ಉಪದೇಶಗಳ ಪ್ರಕಾರ, ಹೊರಕೋಣೆಯಲ್ಲಿ ಪಡುವಣಕ್ಕೆ ಮುಖಮಾಡಿ ಕೈಚಾಚಿ ‘ಸೈತಾನನೇ, ನಿನ್ನನ್ನು ತೊರೆಯುತ್ತೇನೆ’ ಎನ್ನಬೇಕು. ಪಡುವಣ ಕತ್ತಲೆಯ ದಿಕ್ಕು. ಆಮೇಲೆ ಮೂಡಣಕ್ಕೆ ತಿರುಗಿ ನಂಬಿಕೆಯ ಮಾತು. ಗ್ರೀಕ್ ಕ್ರಿಯಾಪದಗಳು ‘ಅಪೊತಾಸ್ಸೊಮಾಯ್’ ಮತ್ತು, ಅಂತಿಯೋಕ್ಯದಲ್ಲಿ ಅದರ ಜೋಡಿಯಾದ, ‘ಸುಂತಾಸ್ಸೊಮಾಯ್’. ಎರಡರ ನಡುವೆಯೂ ‘ಸಾಲು’ ಎಂಬ ಅರ್ಥದ ಬೇರಿದೆ, ಸೈನ್ಯದ ಸಾಲು. ‘ತೊರೆಯುತ್ತೇನೆ’, ‘ಒಪ್ಪುತ್ತೇನೆ’ ಎಂದರೆ ಜೋಡಿ ಮುರಿಯುತ್ತದೆ. ‘ನಿನ್ನ ಪಡೆ ಬಿಟ್ಟೆ’, ‘ಕ್ರಿಸ್ತನೇ, ನಿನ್ನ ಪಡೆ ಸೇರಿದೆ’ ಎಂದು ನೋಡಿ.

‘ಆಡಂಬರ’ ಎಂಬುದನ್ನು ಕೈಬಿಡಿ. ಲ್ಯಾಟಿನ್ ‘ಪೊಂಪ’ ಮೊದಲಿಗೆ ಮೆರವಣಿಗೆ. ರಥಸ್ಪರ್ಧೆಗಳಿಗೆ ಮುನ್ನ ದೇವತೆಗಳ ಮೂರ್ತಿಗಳನ್ನು ಹೊತ್ತು ಮೈದಾನಕ್ಕೆ ತರುತ್ತಿದ್ದ ಮೆರವಣಿಗೆ. ಕಾರ್ಥೇಜಿನ ಕ್ರೈಸ್ತರು ಅದನ್ನು ತೊರೆಯುತ್ತೇನೆ ಎಂದಾಗ ಆಟದ ದಿನ ಮೈದಾನಕ್ಕೆ ಹೋಗುವುದಿಲ್ಲ ಎಂದೇ ಅರ್ಥ. ‘ಆಡಂಬರ’ ಎಂದರೆ ಓದುಗರು ಮದುವೆಯ ದುಂದುವೆಚ್ಚ ನೆನೆಸಿಕೊಳ್ಳುತ್ತಾರೆ.

‘ಮುದ್ರೆ’ ತಕ್ಕ ಪದ, ಬದಲಿಸಬೇಡಿ. ಗ್ರೀಕ್ ‘ಸ್ಫ್ರಾಗಿಸ್’ ಉಂಗುರದ ಮುದ್ರೆ, ದನದ ಮೈಮೇಲಿನ ಬರೆ, ಸೈನಿಕನ ಗುರುತು ಎಲ್ಲವೂ ಹೌದು. ‘ಹೆರ್ಮಾಸನ ಕುರುಬ’ ಎಂಬ ರೋಮಿನ ಹಳೆಯ ಗ್ರಂಥ ‘ಮುದ್ರೆ ಎಂದರೆ ನೀರೇ’ ಎನ್ನುತ್ತದೆ. ಕನ್ನಡಿಗರು ಮಾಧ್ವರ ಮುದ್ರಾಧಾರಣೆಯನ್ನು ಬಲ್ಲವರು, ಒಡೆಯನ ಗುರುತು ಎಂಬ ಭಾವ ತಟ್ಟನೆ ಹೊಳೆಯುತ್ತದೆ. ಇಲ್ಲಿ ಕಾಯಿಸಿದ ಲೋಹವಿಲ್ಲ, ನೀರು, ಎಣ್ಣೆ ಮತ್ತು ಹಣೆಯ ಮೇಲಿನ ಬೆರಳು ಅಷ್ಟೇ ಎಂದು ಒಂದು ಸಾಲು ಸೇರಿಸಿದರೆ ಸಾಕು.

‘ಜ್ಞಾನೋದಯ’ ಓದುಗರನ್ನು ಬೋಧಿವೃಕ್ಷದ ಕೆಳಗೆ ಕೂರಿಸಿಬಿಡುತ್ತದೆ. ಗ್ರೀಕ್ ‘ಫೋತಿಸ್ಮೊಸ್’ ಅಂದರೆ ಬೆಳಗುವಿಕೆ. ಎರಡನೆಯ ಶತಮಾನದ ನಡುವೆ ರೋಮಿನಲ್ಲಿ ಬರೆದ ಜಸ್ಟಿನ್, ಈ ಸ್ನಾನಕ್ಕೆ ‘ಬೆಳಗುವಿಕೆ’ ಎಂಬ ಹೆಸರಿದೆ, ಇದನ್ನು ಕಲಿಯುವವರ ಬುದ್ಧಿ ಬೆಳಗುತ್ತದೆ ಎನ್ನುತ್ತಾನೆ. ತಮಿಳಿನಲ್ಲಿ ಬೇರೂರಿರುವ, ಕನ್ನಡದಲ್ಲೂ ಕೇಳಿಬರುವ ‘ಜ್ಞಾನಸ್ನಾನ’ ಈ ಅರ್ಥಕ್ಕೆ ಬೇರೆಲ್ಲ ಪದಗಳಿಗಿಂತ ಹತ್ತಿರ.

‘ಹೊಸಬ’ ಸಪ್ಪೆ. ‘ನಿಯೋಫುತೊಸ್’ ಅಂದರೆ ಹೊಸದಾಗಿ ನೆಟ್ಟ ಸಸಿ. ಅಗಸ್ಟೀನ್ ಉಪದೇಶಗಳಲ್ಲಿ ದೀಕ್ಷೆ ಪಡೆದ ದೊಡ್ಡವರನ್ನೂ ‘ಕೂಸುಗಳು’ ಎಂದು ಕರೆಯುತ್ತಾನೆ. ಅದನ್ನು ವಯಸ್ಸೆಂದು ತಿಳಿದು ‘ಮಕ್ಕಳಿಗೆ ಉಪದೇಶ’ ಎಂದು ಶೀರ್ಷಿಕೆ ಕೊಟ್ಟರೆ ಇಡೀ ಪುಟದ ಅರ್ಥ ಕೆಡುತ್ತದೆ. ನೀರನ್ನು ಗರ್ಭವೆಂದು ಬಗೆದ ಮೇಲೆ ಹೊರಬಂದವರು ಕೂಸುಗಳಾಗದೆ ಇನ್ನೇನು? ಸಿರಿಲನ ಉಪದೇಶದಲ್ಲಿ ಆ ನೀರು ಏಕಕಾಲಕ್ಕೆ ‘ನಿಮ್ಮ ಗೋರಿಯೂ ತಾಯಿಯೂ’. ದೀಕ್ಷೆ ಪಡೆದವರಿಗೆ ಹಾಲು, ಜೇನು ಕೊಡುತ್ತಿದ್ದುದೂ ಅದಕ್ಕೇ ಹೊಂದುತ್ತದೆ.

ಪ್ರಶ್ನೆ: ಗ್ರೀಕ್ ಬಾರದವರು ಜೆರುಸಲೇಮಿನಲ್ಲಿ ದೀಕ್ಷೆಗೆ ಬಂದರೆ?
— ವಿದ್ಯಾರ್ಥಿ, ಕಲಬುರಗಿ

ಕಣ್ಣಾರೆ ಕಂಡವಳ ವರದಿಯೇ ಇದೆ. 380ರ ದಶಕದಲ್ಲಿ ಎಗೇರಿಯಾ ಎಂಬಾಕೆ ಪಶ್ಚಿಮದಿಂದ ಯಾತ್ರೆ ಬಂದು ಊರಿನ ಸೋದರಿಯರಿಗೆ ಲ್ಯಾಟಿನ್‌ನಲ್ಲಿ ಬರೆದಳು. ಹೆಸರು ನೋಂದಾಯಿಸುವ ದಿನ ಬಿಷಪ್ ಒಬ್ಬೊಬ್ಬರ ನೆರೆಯವರನ್ನೇ ಕೇಳುತ್ತಾನೆ: ಇವನ ಬಾಳು ಒಳ್ಳೆಯದೇ? ತಂದೆತಾಯಿಗೆ ಗೌರವ ಕೊಡುತ್ತಾನೆಯೇ? ಕುಡುಕನೇ? ಸಮಾಧಾನವಾದರೆ ತನ್ನ ಕೈಯಿಂದಲೇ ಹೆಸರು ಬರೆದುಕೊಳ್ಳುತ್ತಾನೆ. ಆಮೇಲೆ ನಲವತ್ತು ದಿನ, ದಿನಕ್ಕೆ ಮೂರು ಗಂಟೆ ಉಪದೇಶ.

ಅಲ್ಲಿನವರಲ್ಲಿ ಕೆಲವರಿಗೆ ಗ್ರೀಕ್ ಮಾತ್ರ ಗೊತ್ತು, ಕೆಲವರಿಗೆ ಸಿರಿಯಾಕ್ (ಅರಮೈಕ್ ಭಾಷೆಯ ಒಂದು ರೂಪ) ಮಾತ್ರ, ಇನ್ನು ಕೆಲವರಿಗೆ ಎರಡೂ. ಬಿಷಪ್ ಸಿರಿಯಾಕ್ ಬಲ್ಲವನಾದರೂ ಗ್ರೀಕ್ ಬಿಟ್ಟು ಮಾತಾಡುವುದಿಲ್ಲ. ಪಕ್ಕದಲ್ಲಿ ಒಬ್ಬ ಗುರು ನಿಂತು ಅದನ್ನು ಸಿರಿಯಾಕ್‌ಗೆ ತಿರುಗಿಸಿ ಹೇಳುತ್ತಾನೆ. ಓದುವ ಪಾಠಗಳಿಗೂ ಹಾಗೆಯೇ ಒಬ್ಬ ದುಭಾಷಿ. ಲ್ಯಾಟಿನ್ ಮಾತ್ರ ಬಲ್ಲವರಿಗೆ ಎರಡೂ ಭಾಷೆ ಬಲ್ಲ ಸೋದರ ಸೋದರಿಯರು ವಿವರಿಸುತ್ತಾರೆ. ಅರ್ಥವಾಗದೆ ಯಾರೂ ಬೇಸರಪಡಬಾರದು ಎಂದು ಆಕೆ ಕಾರಣ ಕೊಡುತ್ತಾಳೆ. ‘ನಂಬುತ್ತೇನೆ’ ಎನ್ನಬೇಕಾದವನಿಗೆ ಕೇಳಿದ್ದು ತಿಳಿಯಲೇಬೇಕಲ್ಲ.

ಪ್ರಶ್ನೆ: ಮಾತು ತಪ್ಪಾಗಿ ಆಡಿದರೆ ದೀಕ್ಷೆ ನಿಲ್ಲುತ್ತದೆಯೇ?
— ಓದುಗರು, ಶಿವಮೊಗ್ಗ

ಹೆಸರಾಂತ ಉದಾಹರಣೆ ತುಸು ಈಚಿನದು, 746ರದು. ಬವೇರಿಯಾದಲ್ಲಿ ಲ್ಯಾಟಿನ್ ಬಾರದ ಗುರುವೊಬ್ಬ ‘ಪಾತ್ರಿಸ್ ಎತ್ ಫಿಲಿಯಿ’ ಎನ್ನುವ ಬದಲು ‘ಪಾತ್ರಿಯಾ ಎತ್ ಫಿಲಿಯಾ’ ಎಂದುಬಿಟ್ಟ. ತಂದೆಯ ಜಾಗದಲ್ಲಿ ತಾಯ್ನಾಡು, ಮಗನ ಜಾಗದಲ್ಲಿ ಮಗಳು! ಆ ಭಾಗದ ಸಭೆಗಳನ್ನು ತಿದ್ದುತ್ತಿದ್ದ ಬಿಷಪ್ ಬೋನಿಫೇಸ್ ಮತ್ತೆ ದೀಕ್ಷೆ ಕೊಡಬೇಕೆಂದ. ಅವನಿಗೆ ಪೋಪ್ ಜಕರಿಯಸ್ ಬರೆದ ಉತ್ತರ ಸ್ಪಷ್ಟ: ತಪ್ಪು ಬಂದದ್ದು ಭಾಷೆ ಬಾರದ್ದರಿಂದಲೇ ಹೊರತು ತಪ್ಪು ನಂಬಿಕೆಯಿಂದಲ್ಲವಾದರೆ ಮತ್ತೆ ಕೊಡಬಾರದು.

ಅದಕ್ಕೂ ಹಿಂದೆ, 255–256ರಲ್ಲಿ, ಸಭೆಯಿಂದ ಸಿಡಿದವರು ಕೊಟ್ಟ ದೀಕ್ಷೆ ನಡೆಯುತ್ತದೆಯೇ ಎಂದು ಸಿಪ್ರಿಯನ್ನನಿಗೂ ರೋಮಿನ ಸ್ತೇಫನನಿಗೂ ಬಿರುಸಾದ ವಾದ ನಡೆದಿತ್ತು. 314ರಲ್ಲಿ ಈಗಿನ ಫ್ರಾನ್ಸಿನ ಆರ್ಲ್‌ನಲ್ಲಿ ಕೂಡಿದ ಬಿಷಪ್‌ಗಳ ತೀರ್ಪಿನಲ್ಲಿ ಮತ್ತೆ ಪ್ರಶ್ನೋತ್ತರವೇ ಅಳತೆಗೋಲು. ಬಂದವನಿಗೆ ನಂಬಿಕೆಯ ಮಾತನ್ನು ಕೇಳಿ. ತಂದೆ, ಮಗ, ಪವಿತ್ರಾತ್ಮರಲ್ಲಿ ದೀಕ್ಷೆಯಾಗಿದ್ದರೆ ತಲೆಯ ಮೇಲೆ ಕೈಯಿಟ್ಟರೆ ಸಾಕು. ತ್ರಿತ್ವದ ಉತ್ತರ ಬಾರದಿದ್ದರೆ ನೀರಿಗಿಳಿಸಿ.

ಪ್ರಶ್ನೆ: ಕೇರಳದ ನೆರೆಯವರು ‘ಮಾಮೋದೀಸ’ ಎನ್ನುತ್ತಾರೆ. ಇದು ಯಾವ ಭಾಷೆ?
— ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಸಿರಿಯಾಕ್. ‘ಮಅಮೂದೀಥಾ’ ಎಂಬ ಪದ ಪೂರ್ವ ಸಿರಿಯಾಕ್ ಸಂಪ್ರದಾಯದ ಸಭೆಗಳ ಮೂಲಕ ಮಲಯಾಳಕ್ಕೆ ಬಂತು. ಅರಬ್ಬಿಯ ‘ಮಅಮೂದಿಯ್ಯಾ’ ಕೂಡ ಅದರದೇ ರೂಪ. ಗ್ರೀಕ್ ಪದವನ್ನು ಎರವಲು ಪಡೆಯದೆ ತಮ್ಮದೇ ಪದ ಇಟ್ಟುಕೊಂಡ ಭಾಷೆ ಅದು. ನಾಲ್ಕನೆಯ ಶತಮಾನದ ಕವಿ ಎಫ್ರೇಮ್ ಎಣ್ಣೆಯ ‘ಮೆಶ್ಹಾ’ವನ್ನೂ ಅಭಿಷಿಕ್ತನಾದ ‘ಮೆಶೀಹಾ’ನನ್ನೂ ಜೊತೆಗಿಟ್ಟು ಆಡಿಸುವ ಶ್ಲೇಷೆಯನ್ನು ಕನ್ನಡಕ್ಕೆ ತರಲಾಗದು.

ಎರವಲೋ ಅನುವಾದವೋ ಎಂಬ ಪ್ರಶ್ನೆ ಭಾರತದಲ್ಲಿ ಮತ್ತೆ ಹೊತ್ತಿಕೊಂಡಿತು. ಬಂಗಾಳದ ಬ್ಯಾಪ್ಟಿಸ್ಟ್ ಅನುವಾದಕರು ಬಂಗಾಳಿ ಬೈಬಲಿನಲ್ಲಿ ‘ಮುಳುಗಿಸು’ ಎಂಬ ಅರ್ಥದ ಪದವನ್ನೇ ಬಳಸಿದರು. ಆ ಕಾರಣಕ್ಕೆ 1830ರ ದಶಕದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಬೈಬಲ್ ಸಂಘಗಳು ಹಣ ಕೊಡಲು ಒಪ್ಪಲಿಲ್ಲ, ಅಮೆರಿಕದ ಬ್ಯಾಪ್ಟಿಸ್ಟರು 1836ರಲ್ಲಿ ಬೇರೆ ಸಂಘವನ್ನೇ ಕಟ್ಟಿಕೊಂಡರು. ತಮಿಳಿನ ಕಥೋಲಿಕರು ಇಂದು ‘ತಿರುಮುಳುಕ್ಕು’ ಎಂದೇ ಹೇಳುತ್ತಾರೆ. ಅದು ನಮ್ಮ ‘ಮುಳುಗು’ವಿನ ಸೋದರ ಪದ.

ಪ್ರಶ್ನೆ: ಈ ಪದಗಳು ಕಲ್ಲಿನ ಮೇಲೆ ಎಲ್ಲಾದರೂ ಉಳಿದಿವೆಯೇ?
— ಶಾಸನಾಸಕ್ತರು, ಹಂಪಿ

ರೋಮಿನ ಲ್ಯಾಟರನ್ ದೀಕ್ಷಾಗೃಹದಲ್ಲಿ ಎಂಟು ಕಂಬಗಳ ಮೇಲಿನ ತೊಲೆಗಲ್ಲಿನಲ್ಲಿ ಎಂಟು ದ್ವಿಪದಿಗಳಿವೆ, ಪೋಪ್ ಮೂರನೆಯ ಸಿಕ್ಸ್ಟಸನ ಕಾಲದವು (432–440). ಸಭೆ ಎಂಬ ತಾಯಿ ಕನ್ಯೆಯಾಗಿಯೇ ಬಸುರಾಗಿ ನೀರಿನಲ್ಲಿ ಹೆರುತ್ತಾಳೆ ಎಂಬುದು ಅವುಗಳ ಮಾತು. ವ್ಯಾಟಿಕನ್‌ನಲ್ಲಿರುವ ಇನ್ನೊಂದು ಕಲ್ಲು ರೋಮ್ ನಗರದ ಆಡಳಿತಾಧಿಕಾರಿ ಯೂನಿಯಸ್ ಬಾಸ್ಸಸನ ಶವಪೆಟ್ಟಿಗೆ. ಅಧಿಕಾರದಲ್ಲಿದ್ದಾಗಲೇ 359ರ ಆಗಸ್ಟ್ 25ರಂದು, 42ನೇ ವಯಸ್ಸಿನಲ್ಲಿ ತೀರಿಕೊಂಡವನು. ಅವನ ಪದವಿಯನ್ನು ಹೇಳಿದ ಸಾಲಿನಲ್ಲಿಯೇ ‘ನಿಯೋಫಿತುಸ್’ ಎಂದು ಕೊರೆದಿದ್ದಾರೆ: ಆಗಷ್ಟೇ ನೆಟ್ಟ ಸಸಿಯಾಗಿ ದೇವರ ಬಳಿಗೆ ಹೋದ.